ಎಡೆ ಉಂಡವರು

ನನ್ನನ್ನು ಯಾವ ಸಭೆಗೆ ಕರೆದರೂ ನನ್ನ ಹೆಸರು ಎರಡನೆಯದಾಗಿಯೇ ಬರುತ್ತದೆ. ಮೊದಲು ಅಪ್ಪನ ಹೆಸರು, ಅದಕ್ಕೊಂದು ಭಾರೀ ಚಪ್ಪಾಳೆ, ಆಮೇಲೆ 'ಅವರ ಸುಪುತ್ರಿ, ಸ್ವತಃ ಲೇಖಕಿ'. ಈ 'ಸ್ವತಃ' ಕೇಳಿ ಕೇಳಿ ನನಗೆ ರೋಸಿಹೋಗಿದೆ. ಹಾಸನದ ಕಾಲೇಜಿನಲ್ಲಿ ಪಾಠ ಹೇಳಿಕೊಂಡೇ ಕಥೆ ಬರೆದೆ, ಕಾದಂಬರಿ ಬರೆದೆ, ವಾರ ವಾರ ಪತ್ರಿಕೆಗೆ ಅಂಕಣ ಬರೆದೆ. ಜನ ಬಂದು ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಪುಸ್ತಕ ಮುಚ್ಚುವ ಮುಂಚೆ ನನ್ನ ಮೂಗು ನೋಡುತ್ತಾರೆ. ಅದು ಅಪ್ಪನ ಮೂಗು. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿಯಂತೂ ಹೇಳದೆ ಕೇಳದೆ ಆ ಮೂಗನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡು, ಬಂದ ಬಸ್ಸು ಹತ್ತಿ ಹೋದಳು.

ಜನರನ್ನು ಬೈದು ಏನು ಬಂತು? ನನ್ನನ್ನು ಲೇಖಕಿ ಮಾಡಿದ್ದೂ ಅಪ್ಪನ ಮೇಲೆ ಬರೆದ ಒಂದು ಬರಹವೇ. ಸಿನಿಮಾದವರೆಲ್ಲ ಮದರಾಸಿನಲ್ಲಿದ್ದ ಕಾಲ ಅದು. ಅವರು ಅಲ್ಲಿ, ನಾನೂ ಅಮ್ಮನೂ ಹಾಸನದ ಬಾಡಿಗೆ ಮನೆಯಲ್ಲಿ. ಯಾವಾಗಲೋ ಒಮ್ಮೆ ಕಾರು ಬರುತ್ತಿತ್ತು. ಕಾರಿನ ಹಿಂದೆ ಅರ್ಧ ಊರು ಬರುತ್ತಿತ್ತು. ಯಾರೋ ನನ್ನನ್ನು ಎತ್ತಿ ಅಪ್ಪನ ತೊಡೆಯ ಮೇಲೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನಾನು ಮಲಗಿ ಎದ್ದರೆ ಕಾರು ಇರುತ್ತಿರಲಿಲ್ಲ. ನಾನು ಪ್ರೈಮರಿ ಶಾಲೆ ಮುಗಿಸುವ ಮುಂಚೆಯೇ ಅಪ್ಪ ತೀರಿಕೊಂಡರು. ಅಮ್ಮ ಅವರ ಸಿನಿಮಾ ನೋಡುತ್ತಿರಲಿಲ್ಲ, ನನ್ನನ್ನು ನೋಡಲು ಬಿಡುತ್ತಿರಲೂ ಇಲ್ಲ. ಅಪ್ಪ ಬರೀ ಅಪ್ಪನಾಗಿ ನನ್ನ ಬಳಿ ಉಳಿದದ್ದು ಒಂದೇ ಒಂದು ನೆನಪಿನಲ್ಲಿ.

ಮಣ್ಣಿನ ಗೋಡೆ. ಗೂಡಿನಲ್ಲಿ ಬುಡ್ಡಿದೀಪ. ನಾನು ಹಳದಿ ಬಣ್ಣದ, ಕಪ್ಪು ಗೀಟಿನ ಫ್ರಾಕು ಹಾಕಿಕೊಂಡು, ಜ್ವರ ಬಂದು ಗೋಡೆಗೊರಗಿ ಕೂತಿದ್ದೇನೆ. ಅಪ್ಪ ಕುಕ್ಕರಗಾಲಲ್ಲಿ ಕೂತು ಬಿಸಿ ಮುದ್ದೆ ಮುರಿದು, ಹುರುಳಿ ಬಸ್ಸಾರಿನಲ್ಲಿ ಅದ್ದಿ, ಊದಿ ಊದಿ ನನ್ನ ಬಾಯಿಗಿಡುತ್ತಾರೆ. "ಅಗೀಬ್ಯಾಡ ಕಣವ್ವ, ನುಂಗು. ಅಪ್ಪ ಇಟ್ಟ ತುತ್ತು ಗಂಟ್ಲಾಗೆ ನಿಲ್ಲಾಕಿಲ್ಲ." ಇಷ್ಟೇ ನೆನಪು. ಆಮೇಲೆ ಏನಾಯಿತು, ಆ ಮನೆ ಯಾವುದು, ಅಮ್ಮ ಎಲ್ಲಿದ್ದಳು, ಒಂದೂ ಗೊತ್ತಿಲ್ಲ. ಕೇಳೋಣವೆಂದರೆ ನಾನು ಬರೆಯುವ ಹೊತ್ತಿಗೆ ಅಮ್ಮನೂ ಇರಲಿಲ್ಲ. ನನಗೆ ಬುದ್ಧಿ ತಿಳಿಯುವ ಮುಂಚೆ ನಾವಿದ್ದ ಯಾವುದೋ ಮನೆ ಇರಬೇಕು ಎಂದುಕೊಂಡಿದ್ದೆ. ಆ ಫ್ರಾಕು ಹಾಕಿಕೊಂಡ ನನ್ನ ಫೋಟೋ ಒಂದು ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು?

ಇದನ್ನು ಬರೆದು ಪತ್ರಿಕೆಗೆ ಕಳಿಸಿದೆ. ಅಬ್ಬಬ್ಬಾ, ಆಮೇಲೆ ಬಂದ ಫೋನುಗಳು! ಮಗಳನ್ನು ಮದುವೆ ಮಾಡಿ ಕಳಿಸಿದ ಗಂಡಸರು ಫೋನಿನಲ್ಲಿ ಗಳಗಳ ಅತ್ತರು. ಶಾಲೆಯ ಪಠ್ಯಕ್ಕೂ ಅದು ಹೋಯಿತು. ಅಪ್ಪನ ಆ ಮಾತು ನನ್ನ ಫೋಟೋದ ಜೊತೆ ಫ್ಲೆಕ್ಸುಗಳ ಮೇಲೆ ಬಂತು. ಬೇರೆ ಏನೇ ಬರೆದರೂ ಓದುಗರು ಕೊನೆಗೆ ಆ ತುತ್ತಿಗೇ ಬಂದು ನಿಲ್ಲುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ಆ ಬರಹವನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಹೊಳೆನರಸೀಪುರದಿಂದ ಹಳೇಕೋಟೆ ಕಡೆ ಹೋಗುವ ದಾರಿಯಲ್ಲಿ ಅವರ ಊರು. ಅಪ್ಪ ಹುಟ್ಟಿದ ಮನೆಯೂ ಅದೇ. ಇದ್ದೊಬ್ಬ ಗಂಡುಮಗ ಮೀಸೆ ಮೂಡುವ ಮುಂಚೆ ನಾಟಕದ ಕಂಪನಿಯ ಹಿಂದೆ ಓಡಿಹೋದನೆಂದು ತಾತ ಅತ್ತೆಗೆ ಮನೆಅಳಿಯನನ್ನು ತಂದುಕೊಂಡರು, ಮಗನಿಗೆ ಈ ಮನೆಯಲ್ಲಿ ಅನ್ನವಿಲ್ಲ ಎಂದು ಊರ ಮುಂದೆ ಹೇಳಿಬಿಟ್ಟರು. ಅಪ್ಪನೂ ಹಟಮಾರಿಯೇ. ಹೆಸರು ಮಾಡಿದ ಮೇಲೆ, ತಾತ ಸತ್ತ ಮೇಲೂ, ಕಾರಿನಲ್ಲಿ ಬಂದು ಅಂಗಳದಲ್ಲಿ ನಿಂತು ಅಕ್ಕನ ಕೈಯಿಂದ ನೀರು ಕುಡಿದು ಹೋದರೇ ಹೊರತು ಎಲೆಯ ಮುಂದೆ ಕೂರಲಿಲ್ಲ. ತಮ್ಮನನ್ನು ನುಂಗಿದ್ದು ಸಿನಿಮಾವೇ ಎಂದು ಅತ್ತೆ ಜನ್ಮದಲ್ಲಿ ಒಂದನ್ನೂ ನೋಡಲಿಲ್ಲ. ಈಗ ಅವರಿಗೆ ಎಂಬತ್ತು ದಾಟಿದೆ. ಅವರ ಕೊರಗು ಒಂದೇ: ತಮ್ಮ ಈ ಮನೆಯಲ್ಲಿ ಒಂದು ತುತ್ತು ಉಂಡು ಹೋಗಬೇಕು. ಬದುಕಿದ್ದಾಗ ಆಗಲಿಲ್ಲ, ಸತ್ತ ಮೇಲಾದರೂ ಆಗಬೇಕು.

ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಕಳಸ ಇಟ್ಟು, ಹೊಸ ಪಂಚೆ ಸೀರೆ ಜೋಡಿಸಿ, ಯಾರಿಗೆ ಏನು ಇಷ್ಟವೋ ಅದನ್ನು ಅವರವರ ಬಾಳೆಲೆಗೆ ಬಡಿಸುತ್ತಾರೆ. ಸಾಂಬ್ರಾಣಿ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂರುತ್ತಾರೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಮತ್ತೆ ಬಾಗಿಲು ತೆಗೆಯುವ ಮುಂಚೆ ಕೆಮ್ಮಬೇಕು, ಇಲ್ಲವೇ ಅವರನ್ನು ಕರೆಯಬೇಕು. ಉಣ್ಣುವವರ ಮುಂದೆ ದಡಕ್ಕನೆ ಹೋಗಿ ನಿಲ್ಲಬಾರದು. ತಾತನ ಎಲೆಗೆ ಬಾಡು, ಪಕ್ಕದಲ್ಲೊಂದು ಕ್ವಾರ್ಟರ್ ಬಾಟಲಿ. ಅದರಲ್ಲಿ ಅತ್ತೆಗೆ ಅನುಮಾನವಿಲ್ಲ. ತಮ್ಮನ ಎಲೆಗೆ ಏನು ಬಡಿಸುವುದು ಎಂಬುದೇ ಸಮಸ್ಯೆ. ಊರೂರು ಸುತ್ತಿದ ನಾಲಿಗೆ ಏನೇನು ಕಲಿತಿದೆಯೋ ಎಂದು ಒಂದು ವರ್ಷ ಕೋಳಿ, ಒಂದು ವರ್ಷ ಕಜ್ಜಾಯ, ಒಂದು ವರ್ಷ ಹೊಳೆನರಸೀಪುರದ ಹೋಟೆಲಿನಿಂದ ಬಿರಿಯಾನಿಯನ್ನೂ ತರಿಸಿ ಇಟ್ಟರು. ಬಾಗಿಲು ತೆಗೆದ ಮೇಲೆ ಬೇರೆಯವರ ಎಲೆ ಏನಾಗಿದೆಯೆಂದು ಅತ್ತೆ ನೋಡುತ್ತಲೇ ಇರಲಿಲ್ಲ. ತಮ್ಮನ ಎಲೆಯನ್ನು ಮಾತ್ರ ಬಗ್ಗಿ ಬಗ್ಗಿ ನೋಡುತ್ತಿದ್ದರು. ಅದು ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು.

ನನ್ನ ಬರಹವನ್ನು ಸೊಸೆಯ ಕೈಲಿ ಓದಿಸಿ ಕೇಳಿದ ವರ್ಷ ಅತ್ತೆ ಹುರುಳಿ ಬಸ್ಸಾರು, ಮುದ್ದೆ ಮಾಡಿಸಿದರು. ಬಾಗಿಲು ತೆಗೆದಾಗ ಮುದ್ದೆಯ ಒಂದು ಮಗ್ಗುಲು ಮುರಿದಿತ್ತು. ಬೆರಳಿನಲ್ಲಿ ಮುರಿದ ಹಾಗೆ. ಮುರಿದ ತುಂಡು ಎಲೆಯಲ್ಲಿರಲಿಲ್ಲ. ನಾನೂ ಅಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೇನೆ. ಮಾರನೆಯ ವರ್ಷವೂ ಹಾಗೇ ಆಯಿತು, ಅದರ ಮಾರನೆಯ ವರ್ಷವೂ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಬೆಕ್ಕು ಎಂದೆ, ಇಲಿ ಎಂದೆ, ಆರುವಾಗ ಮುದ್ದೆ ಬಿರಿಯುತ್ತದೆ ಎಂದೆ. ಪಕ್ಕದಲ್ಲೇ ಬಾಡು ಇಟ್ಟುಕೊಂಡು ಮುದ್ದೆ ತಿನ್ನುವ ಬೆಕ್ಕು ಯಾವ ಊರಿನದು ಅಕ್ಕಾ ಎಂದು ಅತ್ತೆಯ ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, ನೀನು ಬರೆಯದೇ ಹೋಗಿದ್ದರೆ ಅವನು ಹಸಿದುಕೊಂಡೇ ಇರುತ್ತಿದ್ದ ಎಂದರು. ಬರೆದದ್ದಕ್ಕೆ ಸಿಕ್ಕ ಯಾವ ಪ್ರಶಸ್ತಿಗೂ ನನ್ನ ಎದೆ ಹಾಗೆ ತುಂಬಿರಲಿಲ್ಲ.

ಈ ವರ್ಷ ಪಕ್ಷಕ್ಕೆ ಸ್ವಲ್ಪ ದಿನ ಮುಂಚೆ ಅರಕಲಗೂಡಿನಲ್ಲಿ ನನ್ನದೊಂದು ಭಾಷಣವಿತ್ತು. ಭಾಷಣಕ್ಕೆ ಮೊದಲು ಅಪ್ಪನಿಗೆ ನಮನ ಎಂದು ಸಂಘಟಕ ಹುಡುಗರು ಅವರ ಸಿನಿಮಾಗಳ ತುಂಡುಗಳನ್ನು ಜೋಡಿಸಿ ವೇದಿಕೆಯ ಹಿಂದೆ ಪರದೆಯ ಮೇಲೆ ಹಾಕಿದರು. ನಾನು ಎಂದಿನ ಹಾಗೆ ಪರದೆಗೆ ಬೆನ್ನು ಹಾಕಿ, ಜನರ ಮುಖ ನೋಡುತ್ತ ಕೂತಿದ್ದೆ. ಹಾಡು, ಹೊಡೆದಾಟ, ಶಿಳ್ಳೆ. ಆಮೇಲೆ ಸಭೆ ಒಮ್ಮೆಲೇ ಸ್ತಬ್ಧವಾಯಿತು. ನನ್ನ ಬೆನ್ನ ಹಿಂದಿನಿಂದ ಅಪ್ಪನ ದನಿ ಬಂತು: ಅಗೀಬ್ಯಾಡ ಕಣವ್ವ, ನುಂಗು.

ತಿರುಗಿ ನೋಡಿದೆ. ಕಪ್ಪು ಬಿಳುಪಿನಲ್ಲಿ ಅದೇ ಮಣ್ಣಿನ ಗೋಡೆ. ಅದೇ ಗೂಡು, ಅದೇ ಬುಡ್ಡಿದೀಪ. ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದಾರೆ. ನನ್ನ ಗೀಟಿನ ಫ್ರಾಕು ಹಾಕಿಕೊಂಡು ಗೋಡೆಗೊರಗಿ ಕೂತಿರುವ ಮಗು ನಾನಲ್ಲ. ಅದರ ಮೂಗು ಮೊಂಡು ಮೂಗು, ಯಾವುದೋ ಮಗು. ಅಪ್ಪ ಅದರ ಬಾಯಿಗೆ ತುತ್ತು ಇಟ್ಟರು. ನನ್ನ ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗಾಗಿ ಕೆಮ್ಮು ಬಂತು, ಯಾರೋ ನೀರು ಕೊಟ್ಟರು. ಮಗಳು ಅಪ್ಪನನ್ನು ನೆನೆದು ಅಳುತ್ತಿದ್ದಾಳೆ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಬರಹ ಅಷ್ಟು ಜನ ಓದಿದ್ದರಲ್ಲ, ಎಲ್ಲರೂ ಅದನ್ನು ಸಿನಿಮಾದವರು ನಮ್ಮ ಮನೆಯಿಂದ ಎತ್ತಿಕೊಂಡರು ಎಂದೇ ತಿಳಿದರು. ಭಾಷಣದಲ್ಲಿ ಏನು ಹೇಳಿದೆನೋ ದೇವರಿಗೇ ಗೊತ್ತು.

ಹಾಸನಕ್ಕೆ ಬಂದು ಮೊಬೈಲಿನಲ್ಲಿ ಪೂರ್ತಿ ಸಿನಿಮಾ ನೋಡಿದೆ. ಒಂದು ವಾರವೂ ಓಡದೆ ಡಬ್ಬ ಸೇರಿದ ಸಿನಿಮಾ. ಈಚೆಗೆ ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ್ದರು. ಬಾವಿ ತೋಡುವ ಒಬ್ಬ ಬಡವ, ತಾಯಿಯಿಲ್ಲದ ಮಗು. ಕೊನೆಯಲ್ಲಿ ಅವನು ಬಾವಿಗಿಳಿದವನು ಮೇಲೆ ಬರುವುದಿಲ್ಲ. ಮಗುವನ್ನು ಯಾರೋ ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ನೋಡಿ ಮುಗಿಸಿದಾಗ, ಬಹಳ ಹಿಂದೆ ಅಮ್ಮ ಪಕ್ಕದ ಮನೆಯವರ ಜೊತೆ ಜಗಳ ಆಡಿದ್ದು ನೆನಪಾಯಿತು. ಅಮ್ಮನ ಕಣ್ಣು ತಪ್ಪಿಸಿ ಅವರು ನನ್ನನ್ನು ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ಜಗಳ ನೆನಪಿತ್ತು. ಸಿನಿಮಾ ನೆನಪಿರಲಿಲ್ಲ. ಅಲ್ಲ, ಸಿನಿಮಾವೂ ನೆನಪಿತ್ತು, ಅದು ಸಿನಿಮಾ ಎಂಬುದು ಮಾತ್ರ ಮರೆತುಹೋಗಿತ್ತು. ಎಂಥಾ ಕರ್ಮ ನೋಡಿ, ಯಾರ ಮಕ್ಕಳಿಗೂ ಆಗದ ತಪ್ಪು ಇದು. ಬೇರೆ ಮಕ್ಕಳು ಪರದೆಯ ಮೇಲೆ ನಟನನ್ನು ನೋಡುತ್ತಾರೆ. ನಾನು ಅಪ್ಪನನ್ನು ನೋಡಿದೆ, ಆ ಮಗುವಿನ ಜಾಗದಲ್ಲಿ ಹೋಗಿ ಕೂತೆ.

ಆದರೂ ಒಂದು ಆಸೆ ಉಳಿದಿತ್ತು. ಪರದೆಯ ಮೇಲೆ ಫ್ರಾಕಿಗೆ ಬಣ್ಣವಿಲ್ಲ, ನನ್ನ ನೆನಪಿನಲ್ಲಿ ಅದು ಹಳದಿ. ಹಾಗಾದರೆ ಎಲ್ಲೋ ನಿಜವಾಗಿಯೂ ನಡೆದಿರಬೇಕು. ವಿಡಿಯೋದ ಕೆಳಗೆ ಒಬ್ಬ ಹುಡುಗ 'ಈ ಮಗು ನಮ್ಮಮ್ಮ' ಎಂದು ಬರೆದಿದ್ದ. ಅವನನ್ನು ಕೇಳಿ ವಿಳಾಸ ಹಿಡಿದು ಚನ್ನರಾಯಪಟ್ಟಣಕ್ಕೆ ಹೋದೆ.

ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಗಸು, ನನ್ನದೇ ವಯಸ್ಸು. ಅದೇ ಮೊಂಡು ಮೂಗು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಬರುತ್ತೀರಿ ಅಂತ ಗೊತ್ತಿತ್ತು ಮೇಡಂ ಎಂದು ಕಾಫಿಗೆ ಇಟ್ಟರು. ಕೊರವಂಗಲದ ಹತ್ತಿರ ಶೂಟಿಂಗ್ ನಡೆದಾಗ ನಟಿಸಲು ಮದರಾಸಿನಿಂದ ಬಂದಿದ್ದ ಮಗುವಿಗೆ ಹುಷಾರು ತಪ್ಪಿ, ನೋಡಲು ನಿಂತಿದ್ದ ಇವರನ್ನು ಎತ್ತಿ ಕೂರಿಸಿದರಂತೆ. ನನ್ನ ಬರಹ ಮಗನ ಪಾಠದ ಪುಸ್ತಕದಲ್ಲಿ ಬಂದಾಗ ಓದಿ, ಇದು ನನ್ನದಲ್ಲವಾ ಎಂದುಕೊಂಡು ಸುಮ್ಮನಾದರಂತೆ. ಫ್ರಾಕು ಯಾವ ಬಣ್ಣ ಎಂದು ಕೇಳಿದೆ. ಹಳದಿ, ಕಪ್ಪು ಗೀಟು ಎಂದರು. ಶೂಟಿಂಗ್ ಮುಗಿದ ದಿನ ನಿಮ್ಮ ತಂದೆ ಅದನ್ನು ಕೇಳಿ ಇಸಕೊಂಡು ಹೋದರು, ನನ್ನ ಮಗಳಿಗೆ ಅಳತೆ ಸರಿಹೋಗುತ್ತೆ ಅಂದರು. ಕಾಫಿ ಲೋಟ ಕೆಳಗಿಟ್ಟೆ. ಬೇರೆಯವರ ನೆನಪು ಅಂಗಿ ಸಮೇತ ನನ್ನ ಮೈಮೇಲೆ ಬಂದು ಕೂತಿತ್ತು.

ಅಷ್ಟಕ್ಕೇ ಎದ್ದು ಬರಬೇಕಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ, ಅಪ್ಪ ನನ್ನ ಬಗ್ಗೆ ಏನಾದರೂ ಅಂದಿದ್ದರಾ ಎಂದು ಕೇಳಿದೆ. ಆಕೆ ಹೊಲಿಗೆ ಮಿಷನ್ನಿನ ಮೇಲೆ ಕೈಯಾಡಿಸುತ್ತ ಹೇಳಿದರು: "ತುತ್ತು ಇಡಾಕೆ ಅವ್ರಿಗೆ ಬರ್ತಿರ್ಲಿಲ್ಲ ಮೇಡಂ. ನಿಮ್ಮಪ್ಪ ಎಂಗೆ ಇಡ್ತಾರೆ ತೋರ್ಸವ್ವ ಅಂದ್ರು. ನಂಗೂ ನಿನ್ನಷ್ಟೇ ಮಗಳವ್ಳೆ, ಒಂದಿನಾನೂ ಇಟ್ಟಿಲ್ಲ ಅಂದ್ರು. ನಮ್ಮಪ್ಪ ಕೂತು ಕಲಿಸ್ಕೊಟ್ರು." ಇನ್ನೊಂದು ಮಾತನ್ನೂ ಹೇಳಿದರು. ಅಪ್ಪನಿಗೆ ಹುರುಳಿಯ ವಾಸನೆ ಆಗುತ್ತಿರಲಿಲ್ಲವಂತೆ. ಕಟ್ ಎಂದ ಕೂಡಲೇ ಓಡಿಹೋಗಿ ಸೋಪು ಹಾಕಿ ಕೈ ತಿಕ್ಕುತ್ತಿದ್ದರಂತೆ. ಊಟಕ್ಕೆ ಮೊಸರನ್ನ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲವಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಅತ್ತುಬಿಟ್ಟೆ. ಅತ್ತು ಅತ್ತು ಸಾಕಾದ ಮೇಲೆ ಅತ್ತೆಯ ಮನೆಯ ಮುದ್ದೆ ನೆನಪಾಯಿತು. ಹಾಡುಹಗಲು, ಬಸ್ಸಿನ ತುಂಬ ಜನ. ಆದರೂ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೆ.

ಅತ್ತೆಗೆ ಹೇಳಬಾರದು ಎಂದೇ ನಿರ್ಧರಿಸಿ ಪಕ್ಷಕ್ಕೆ ಹೋದೆ. ಮುದುಕಿಯ ಕೊನೆಗಾಲದ ಸಮಾಧಾನ, ನನಗೇನು ಕಿತ್ತುಕೊಳ್ಳುವ ಹಕ್ಕು? ಅಡುಗೆಮನೆಗೆ ಹೋದರೆ ಸೊಸೆ ಹುರುಳಿ ಬಸಿಯುತ್ತಿದ್ದಳು, ಅತ್ತೆ ಮಣೆಯ ಮೇಲೆ ಕೂತು ಖುಷಿಯಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡೆಯಲಾಗಲಿಲ್ಲ. ಇದನ್ನು ಇಡಬೇಡಿ ಅತ್ತೆ, ಅಪ್ಪನಿಗೆ ಇದು ಸೇರುತ್ತಿರಲಿಲ್ಲ ಎಂದುಬಿಟ್ಟೆ. ಸಿನಿಮಾ, ಮಗು, ಚನ್ನರಾಯಪಟ್ಟಣ, ಎಲ್ಲವನ್ನೂ ಹೇಳಿದೆ. ಅತ್ತೆ ಬೈಯಲಿಲ್ಲ. ಚಿಕ್ಕವನಿದ್ದಾಗ ಅವನು ಹುರುಳಿ ಬೇಯುವಾಗ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ, ನನಗೂ ನೆನಪಿತ್ತು, ಆದರೆ ನೀನು ಅಚ್ಚು ಹಾಕಿಸಿದ್ದೆಯಲ್ಲ, ದೊಡ್ಡವನಾದ ಮೇಲೆ ನಾಲಿಗೆ ಬದಲಾಗಿರಬೇಕು ಅಂದುಕೊಂಡೆ ಎಂದರು. ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. ನಡುಮನೆಯ ಕಡೆ ನೋಡುತ್ತ ಮೆಲ್ಲಗೆ ಕೇಳಿದರು: "ಅಂಗಾದ್ರೆ ಇಷ್ಟು ವರ್ಸ ಉಂಡೋನು ಯಾರು ಮಗಾ?"

ಸೊಸೆ ಹುರುಳಿ ಬಸಿಯುವುದನ್ನು ಬಿಟ್ಟು ನಡುಮನೆಯ ಕಡೆ ತಿರುಗಿದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು.

ಮಧ್ಯಾಹ್ನ ಎಡೆಗೆ ತಮ್ಮನ ಎಲೆಗೆ ಮೊಸರನ್ನ ಬಡಿಸಿದರು. ಅತ್ತೆಯೇ ಕೈಯಲ್ಲಿ ಕಲಸಿದರು, ಮಿಡಿ ಉಪ್ಪಿನಕಾಯಿ ಇಟ್ಟರು. ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತೆವು. ಬಿಸಿಲು ಉರಿಯುತ್ತಿತ್ತು, ಎದುರಿನ ಮನೆಯ ಟೀವಿಯಲ್ಲಿ ಯಾವುದೋ ಧಾರಾವಾಹಿ. ಅತ್ತೆ ತುಟಿ ಕುಣಿಸುತ್ತ ಬಾಗಿಲನ್ನೇ ನೋಡುತ್ತಿದ್ದರು. ಕೊನೆಗೆ ತಮ್ಮಾ ಎಂದು ಕರೆದು, ಕೆಮ್ಮಿ, ಬಾಗಿಲು ತೆಗೆದರು. ಮೊಸರನ್ನ ಕಲಸಿ ತಟ್ಟಿದ್ದು ತಟ್ಟಿದ ಹಾಗೇ ಇತ್ತು. ಅತ್ತೆಯ ಬೆರಳಿನ ಗುರುತೇ ಅದರ ಮೇಲಿತ್ತು. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಗೋಡೆ ಹಿಡಿದು ನೆಲಕ್ಕೆ ಕುಸಿದರು.

"ಬರ್ನಿಲ್ಲ ಕಣೆ. ಯಾವತ್ತೂ ಬಂದಿಲ್ಲ ಅವ್ನು."

ನನ್ನ ಪಾಲಿಗೂ ಅಪ್ಪ ಬಂದಿರಲಿಲ್ಲ, ಯಾವತ್ತೂ. ಇಬ್ಬರೂ ಆ ಎಲೆಯ ಪಕ್ಕದಲ್ಲಿ ಕೂತು ಅತ್ತೆವು. ಅಷ್ಟರಲ್ಲಿ ಸೊಸೆ ಬಾಗಿಲ ಬಳಿ ನಿಂತು, ಮಾಡಿದ ಬಸ್ಸಾರು ಮುದ್ದೆಯನ್ನು ಹಸುವಿಗೆ ಹಾಕಲಾ ಎಂದು ಕೇಳಿದಳು. ಅತ್ತೆ ತಲೆಯೆತ್ತಿದರು. ಆ ಸಿನಿಮಾದೊಳಗಿದ್ದವನಿಗೆ ಮಕ್ಕಳು ಮರಿ ಇದ್ದಾರಾ ಎಂದು ನನ್ನನ್ನು ಕೇಳಿದರು. ಒಂದು ಹೆಣ್ಣುಮಗು, ಅದನ್ನು ಯಾರೋ ಕರೆದುಕೊಂಡು ಹೋದರು, ಅವನು ಬಾವಿಯಲ್ಲೇ ಸತ್ತ ಎಂದೆ. ಅವನಿಗೆ ಎಡೆ ಇಡುವವರು? ಯಾರೂ ಇಲ್ಲ ಅತ್ತೆ, ಅದು ಬರೀ ಕಥೆ ಎಂದೆ. ಅತ್ತೆಗೆ ಆ ಕೊನೆಯ ಮಾತು ಕೇಳಿಸಿತೋ ಇಲ್ಲವೋ. ಎದ್ದು ಕಣ್ಣೊರೆಸಿಕೊಂಡು, ಇನ್ನೊಂದು ಎಲೆ ಹಾಸಲು ಸೊಸೆಗೆ ಹೇಳಿದರು.

"ಬಡ್ಸು. ವರ್ಸ ವರ್ಸ ನಂಬ್ಕಂಡು ಬತ್ತಾವ್ನೆ, ಅಸ್ಕಂಡು ಓಗ್ಬಾರ್ದು."

ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಮತ್ತೆ ಬಾಗಿಲು ಎಳೆದುಕೊಂಡೆವು. ಎದುರು ಮನೆಯವರು ಟೀವಿ ಆರಿಸಿದ್ದರು. ಜಗಲಿಯ ಮೇಲೆ ಬಿಸಿಲು ಸರಿದು ನಮ್ಮ ಕಾಲಿನ ತನಕ ಬಂತು. ಒಳಗಿನಿಂದ ಯಾವ ಸದ್ದೂ ಇರಲಿಲ್ಲ. ಆದರೆ ಖಾಲಿ ಮನೆಯ ಮುಂದೆ ಕೂತ ಹಾಗೆ ಅನ್ನಿಸುತ್ತಿರಲಿಲ್ಲ. ಯಾರಾದರೂ ಊಟಕ್ಕೆ ಕೂತಿರುವಾಗ ಹೊರಗಿನವರು ದನಿ ತಗ್ಗಿಸುತ್ತಾರಲ್ಲ, ಹಾಗೆ ನಾವು ಮೂವರೂ ಉಸಿರು ತಗ್ಗಿಸಿ ಕೂತಿದ್ದೆವು. ಬಾಗಿಲು ತೆಗೆಯುವ ಹೊತ್ತಾಯಿತು. ಅತ್ತೆ ಎದ್ದವರು ಚಿಲಕದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಅವನು ನನ್ನ ತಮ್ಮ ಅಲ್ಲ, ನಾನು ಏನಂತ ಕರೆಯಲಿ, ನೀನೇ ಕರಿ ಎಂದರು.

ಕಾಲೇಜಿನ ಮೇಷ್ಟ್ರು, ಲೇಖಕಿ, ಒಂದು ಮುಚ್ಚಿದ ಬಾಗಿಲಿನ ಮುಂದೆ ನಿಂತು ಇಲ್ಲದ ಒಬ್ಬನನ್ನು ಕರೆಯಬೇಕು. ಆದರೆ ಹುಟ್ಟಿದಾಗಿನಿಂದ ಯಾರನ್ನು ನೆನೆದು ಆ ಪದವನ್ನು ಹೇಳಿಕೊಂಡು ಬಂದಿದ್ದೆನೋ ಆ ಮನುಷ್ಯ ಒಳಗಿದ್ದಾನೆ ಎಂದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಾಗಿ ಅನ್ನಿಸಿತು. ಅಪ್ಪಾ ಎಂದು ಕರೆದೆ. ಚಿಕ್ಕ ಹುಡುಗಿಯ ದನಿ ಬಂತು. ಅತ್ತೆ ಬಾಗಿಲು ತಳ್ಳಿದರು.

ಸಾಂಬ್ರಾಣಿಯ ಹೊಗೆ ಇನ್ನೂ ನಿಂತಿತ್ತು. ಮೊಸರನ್ನದ ಎಲೆ ಹಾಗೇ ಇತ್ತು. ಪಕ್ಕದ ಎಲೆಯಲ್ಲಿ ಮುದ್ದೆಯ ಒಂದು ಮಗ್ಗುಲು ಮುರಿದಿತ್ತು. ಮುರಿದ ತುಂಡು ಪ್ರತಿ ವರ್ಷದ ಹಾಗೆ ಮಾಯವಾಗಿರಲಿಲ್ಲ; ಸಾರಿನಲ್ಲಿ ಅದ್ದಿ, ಎಲೆಯ ತುದಿಯಲ್ಲಿ, ನಾವು ನಿಂತಿದ್ದ ಕಡೆಗೆ ಇಟ್ಟಿತ್ತು. ದೊಡ್ಡವರ ತುತ್ತಿನಷ್ಟು ದೊಡ್ಡದಲ್ಲ. ಒಂದು ಮಗುವಿನ ಬಾಯಿಗೆ ಹಿಡಿಸುವಷ್ಟು. ಸೊಸೆ ಹೊಸ್ತಿಲು ದಾಟದೆ ಅಲ್ಲೇ ನಿಂತಳು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದರು.

ನಾನು ಎಲೆಯ ಮುಂದೆ ಕೂತು ಅದನ್ನು ತಿಂದೆ. ಐವತ್ತು ದಾಟಿದ ಹೆಂಗಸು ನಾನು. ಇನ್ನೊಂದು ತುತ್ತು ಬೇಕು ಅನ್ನಿಸಿತು, ಕೇಳಲು ನಾಚಿಕೆಯಾಗಿ ಸುಮ್ಮನೆ ಕೂತಿದ್ದೆ.